ಮನೆಯಲ್ಲಿ ಸಮುದ್ರ ನೀರಿನ ಅಕ್ವೇರಿಯಂ: ಸ್ಥಾಪನೆ ಮತ್ತು ನಿರ್ವಹಣೆ

ಸಮುದ್ರದ ಅಲಂಕಾರಿಕ ಮೀನುಗಳನ್ನು ಸಾಕಲು ಇಚ್ಛಿಸುವವರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು ಅಗತ್ಯ.

1. ತೊಟ್ಟಿ ಮತ್ತು ನೀರು: ಆರಂಭಿಕರಿಗೆ ಸುಮಾರು 200 ಲೀಟರ್ ಸಾಮರ್ಥ್ಯದ ಗಾಜಿನ ತೊಟ್ಟಿ ಸೂಕ್ತ. ಸಣ್ಣ ತೊಟ್ಟಿಯಲ್ಲಿ ಲವಣಾಂಶ ಮತ್ತು ಉಷ್ಣಾಂಶ ಬೇಗನೆ ಏರುಪೇರಾಗುತ್ತವೆ. ಕ್ಲೋರಿನ್‌ ಇಲ್ಲದ ಶುದ್ಧ ನೀರಿಗೆ ಅಕ್ವೇರಿಯಂಗೆಂದೇ ತಯಾರಿಸಿದ ಸಮುದ್ರ ಲವಣವನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಬೆರೆಸತಕ್ಕದ್ದು. ಅಡುಗೆ ಉಪ್ಪನ್ನು ಬಳಸಬಾರದು. ಉಷ್ಣಾಂಶವು 25ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕು. ನೀರು ಆವಿಯಾದರೂ ಲವಣವು ತೊಟ್ಟಿಯಲ್ಲೇ ಉಳಿಯುವುದರಿಂದ, ಕಡಿಮೆಯಾದಷ್ಟು ಸಿಹಿನೀರನ್ನು ಮಾತ್ರ ಸೇರಿಸತಕ್ಕದ್ದು.

2. ಹದಗೊಳ್ಳುವ ಅವಧಿ: ಮೀನಿನ ತ್ಯಾಜ್ಯದಿಂದ ಉಂಟಾಗುವ ಅಮೋನಿಯಾ ವಿಷಕಾರಿಯಾಗಿದೆ. ಅದನ್ನು ನೈಟ್ರೈಟ್, ನಂತರ ನೈಟ್ರೇಟ್ ಆಗಿ ಪರಿವರ್ತಿಸುವ ಬ್ಯಾಕ್ಟೀರಿಯಾಗಳು ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕು. ಈ ಅವಧಿಯಲ್ಲಿ ಖಾಲಿ ತೊಟ್ಟಿಗೆ ಅಲ್ಪ ಪ್ರಮಾಣದ ಮೀನಿನ ಆಹಾರ ಹಾಕುತ್ತಿರಬೇಕು. ಅಮೋನಿಯಾ ಮತ್ತು ನೈಟ್ರೈಟ್ ಶೂನ್ಯಕ್ಕೆ ಇಳಿದುದನ್ನು ಪರೀಕ್ಷಾ ಕಿಟ್‌ನಿಂದ ಖಚಿತಪಡಿಸಿಕೊಂಡ ನಂತರವೇ ಮೀನು ಬಿಡತಕ್ಕದ್ದು.

3. ಮೀನು ಮತ್ತು ಹವಳ: ಮೊದಲಿಗೆ ಹ್ಯಾಚರಿಯಲ್ಲಿ ಮರಿ ಮಾಡಿದ ಒಂದು ಜೋಡಿ ಕ್ಲೌನ್ ಮೀನು ಸಾಕು. ದಿಬ್ಬ ಕಟ್ಟುವ ಹವಳಗಳು ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ 1ನೇ ಅನುಸೂಚಿಯಲ್ಲಿ ಸೇರಿವೆ. ಮುರುಡೇಶ್ವರ ಸಮೀಪದ ನೇತ್ರಾಣಿ ದ್ವೀಪವೂ ಸೇರಿದಂತೆ ನಮ್ಮ ಸಮುದ್ರದಿಂದ ಅವುಗಳನ್ನು ಕೀಳುವುದು ಹಾಗೂ ಮಾರುವುದು ಶಿಕ್ಷಾರ್ಹ ಅಪರಾಧವಾಗಿರುತ್ತದೆ. ತೊಟ್ಟಿಯ ಅಲಂಕಾರಕ್ಕೆ ಕೃತಕ ಹವಳವನ್ನೇ ಬಳಸತಕ್ಕದ್ದು.