ಗುರಿಯ ಕಣ್ಣು

ದ್ರೌಪದಿಯ ಸ್ವಯಂವರದಲ್ಲಿ ಅರ್ಜುನನು ಮೇಲೆ ತಿರುಗುತ್ತಿದ್ದ ಮೀನಿನ ಯಂತ್ರವನ್ನು ಕೆಳಗಿನ ನೀರಿನಲ್ಲಿ ನೋಡಿ ಹೊಡೆದನೆಂಬ ಕಥೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಕಥೆ ಹೇಳುವವರು ಅವನ ಕೈಚಳಕವನ್ನು ಕೊಂಡಾಡುತ್ತಾರೆ. ಬಿಲ್ಲಿನ ಬಿಗುವನ್ನು ಬಣ್ಣಿಸುತ್ತಾರೆ. ಆದರೆ ಆ ನೀರನ್ನು ನೆನೆಯುವವರು ಅಪರೂಪ. ನೀರು ಕದಡಿದ್ದರೆ ಆ ಕೈಯಿಂದ, ಆ ಬಿಲ್ಲಿನಿಂದ ಏನಾಗುತ್ತಿದ್ದಿತು? ಇಂದು ನಾವು ಶ್ರೋತೃಗಳ ಮುಂದಿಡಬೇಕೆಂದಿರುವುದು ಆ ನೀರಿನ ಸ್ಥಾನದಲ್ಲಿ ಬಂದು ನಿಂತ ಗಾಜಿನ ಚರಿತ್ರೆಯನ್ನು. ಎಂದರೆ ಕೋವಿಗೆ ಕಣ್ಣಾಗಿ ಬಂದ ದುರ್ಬೀನಿನ ಚರಿತ್ರೆಯನ್ನು. ಅದನ್ನು ಆರಿಸುವುದರಲ್ಲಿಯೂ ಕಾಪಾಡುವುದರಲ್ಲಿಯೂ ಮಾಡಿದ ತಪ್ಪುಗಳಿಗೆ ಮನುಷ್ಯರು ತೆತ್ತ ಬೆಲೆ ಸಣ್ಣದಲ್ಲ.

ಸಾಧಾರಣವಾದ ಕೋವಿಯಲ್ಲಿ ಗುರಿ ಹಿಡಿಯುವವನು ಮೂರು ವಸ್ತುಗಳನ್ನು ಒಂದೇ ಸಾಲಿಗೆ ತರಬೇಕು: ಕಣ್ಣಿಗೆ ಹತ್ತಿರವಾದ ಕಚ್ಚು, ನಳಿಗೆಯ ತುದಿಯ ಮೊನೆ, ದೂರದ ಗುರಿ. ಮನುಷ್ಯನ ಕಣ್ಣಾದರೋ ಏಕಕಾಲದಲ್ಲಿ ಒಂದು ದೂರಕ್ಕೆ ಮಾತ್ರ ಹೊಂದಿಕೊಳ್ಳಬಲ್ಲುದು. ಮೊನೆ ಸ್ಪಷ್ಟವಾದರೆ ಗುರಿ ಮಸುಕು. ಗುರಿ ಸ್ಪಷ್ಟವಾದರೆ ಮೊನೆ ಮಸುಕು. ನಲವತ್ತು ದಾಟಿದ ನಮ್ಮಂಥವರಿಗೆ ಈ ಕಷ್ಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಇದಕ್ಕೆ ಪರಿಹಾರವು ರಣರಂಗದಿಂದ ಬರಲಿಲ್ಲ, ಆಕಾಶವನ್ನು ನೋಡುತ್ತಿದ್ದವರಿಂದ ಬಂದಿತು. 1611ರಲ್ಲಿ ಕೆಪ್ಲರನು ಎರಡು ಉಬ್ಬು ಮಸೂರಗಳ ದುರ್ಬೀನಿನ ತತ್ತ್ವವನ್ನು ಪ್ರಕಟಿಸಿದನು. ಇಂಥ ದುರ್ಬೀನಿನೊಳಗೆ ದೂರದ ವಸ್ತುವಿನ ಬಿಂಬವು ಒಂದು ನಿರ್ದಿಷ್ಟ ಸ್ಥಳದಲ್ಲಿ ಮೂಡುತ್ತದೆ. ಅದೇ ಸ್ಥಳದಲ್ಲಿ ಒಂದು ಎಳೆಯಿದ್ದರೆ ಎಳೆಯೂ ಗುರಿಯೂ ಒಟ್ಟಿಗೇ ಸ್ಪಷ್ಟವಾಗಿ ಕಾಣುತ್ತವೆ. ಇದನ್ನು ಮೊದಲು ಕಂಡುಕೊಂಡವನು ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕಾಯಿನ್ ಎಂಬ ತರುಣ. 1640ರ ಸುಮಾರಿಗೆ ಆತನ ದುರ್ಬೀನಿನೊಳಗೆ ಜೇಡವೊಂದು ಆಕಸ್ಮಿಕವಾಗಿ ನೂಲನ್ನು ಎಳೆದಿದ್ದಿತಂತೆ. ಆ ನೂಲೇ ಆತನಿಗೆ ಗುರುವಾಯಿತು. ವಿಧಿಯ ವೈಚಿತ್ರ್ಯವನ್ನು ನೋಡಿರಿ: ನಕ್ಷತ್ರಗಳನ್ನು ಅಳೆಯಲು ಈ ಸಾಧನವನ್ನು ಕಲ್ಪಿಸಿದವನು 1644ರಲ್ಲಿ ಮಾರ್ಸ್ಟನ್ ಮೂರ್ ಕದನದಲ್ಲಿ ದೊರೆಯ ಪಕ್ಷದಲ್ಲಿ ಹೋರಾಡಿ ಮಡಿದನು. ಆತನ ಸಾಧನವು ಸೈನಿಕರ ಕೋವಿಗೆ ಏರಲು ಇನ್ನೂ ಇನ್ನೂರು ವರ್ಷಗಳು ಬೇಕಾದವು.

ಹತ್ತೊಂಬತ್ತನೆಯ ಶತಮಾನದ ನಡುವೆ ಈ ಕೆಲಸಕ್ಕೆ ಕೈಹಾಕಿದವರಲ್ಲಿ ಮುಂಬಯಿ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಡೇವಿಡ್‌ಸನ್ ಎಂಬ ಅಧಿಕಾರಿಯೂ ಒಬ್ಬನು. ಆತನು ರೂಪಿಸಿದ ದುರ್ಬೀನನ್ನು ವಿಟ್‌ವರ್ತ್ ಕೋವಿಯ ಎಡಮಗ್ಗುಲಿಗೆ ಕೂಡಿಸುತ್ತಿದ್ದರು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಇಂಥ ಕೆಲವು ಕೋವಿಗಳು ದಕ್ಷಿಣದವರ ಕೈಸೇರಿದವು. ಉತ್ತರದವರ ಕೆಲವು ಕೋವಿಗಳ ಮೇಲಾದರೋ ನಳಿಗೆಯಷ್ಟೇ ಉದ್ದವಾದ ಹಿತ್ತಾಳೆ, ಉಕ್ಕುಗಳ ಕೊಳವೆಗಳಿದ್ದವು. ಆದರೆ ಆ ಕಾಲದಲ್ಲಿ ಅವು ಬೆಲೆಬಾಳುವ ಅಪರೂಪದ ವಸ್ತುಗಳು. ಯುದ್ಧದ ಗತಿಯನ್ನು ತಿರುಗಿಸುವಷ್ಟು ಸಂಖ್ಯೆಯಲ್ಲಿರಲಿಲ್ಲ.

ನಿಜವಾದ ತಿರುವು ಬಂದುದು ಜರ್ಮನಿಯ ಯೇನಾ ಎಂಬ ಪಟ್ಟಣದಲ್ಲಿ. ಕಿಟಕಿಯ ಗಾಜಿಗೂ ಮಸೂರದ ಗಾಜಿಗೂ ಅಜಗಜಾಂತರ. ಮಸೂರದ ಗಾಜಿನಲ್ಲಿ ಗುಳ್ಳೆಯಿರಬಾರದು, ಎಳೆಯಿರಬಾರದು, ಒಂದು ಭಾಗಕ್ಕೂ ಮತ್ತೊಂದಕ್ಕೂ ಬೆಳಕನ್ನು ಬಗ್ಗಿಸುವ ಶಕ್ತಿಯಲ್ಲಿ ಭೇದವಿರಬಾರದು. ಕುದಿಯುವ ಪಾಕವನ್ನು ಬಿಡದೆ ಕಲಕಬೇಕು. ಆಮೇಲೆ ಬಹುಕಾಲ ಮೆಲ್ಲಮೆಲ್ಲನೆ ಆರಿಸಬೇಕು. ಗಣಿತಜ್ಞನಾದ ಅಬ್ಬೆ, ಯಂತ್ರಶಿಲ್ಪಿಯಾದ ಝೈಸ್, ರಸಾಯನಶಾಸ್ತ್ರಜ್ಞನಾದ ಷಾಟ್, ಈ ಮೂವರೂ ಕೂಡಿ 1884ರಲ್ಲಿ ಯೇನಾದಲ್ಲಿ ಗಾಜಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಅಲ್ಲಿ ವಿಜ್ಞಾನವೂ ಕುಲುಮೆಯೂ ಒಂದೇ ಮನೆಯಲ್ಲಿ ಬಾಳಿದವು. ಮೂವತ್ತು ವರ್ಷಗಳೊಳಗಾಗಿ ಲೋಕದ ದೂರದರ್ಶಕಗಳೂ ಸೂಕ್ಷ್ಮದರ್ಶಕಗಳೂ ಯೇನಾದ ಗಾಜಿಗಾಗಿ ಕೈಚಾಚುವಂತಾಯಿತು.

ಹೀಗಿರುವಲ್ಲಿ 1914ರ ಮಹಾಯುದ್ಧವು ಬಂದಿತು. ಯುದ್ಧಕ್ಕೆ ಮೊದಲು ಇಂಗ್ಲೆಂಡಿಗೆ ಬೇಕಾದ ಮಸೂರದ ಗಾಜಿನಲ್ಲಿ ನೂರಕ್ಕೆ ಸುಮಾರು 60 ಪಾಲು ಜರ್ಮನಿಯಿಂದಲೂ 30 ಪಾಲು ಫ್ರಾನ್ಸಿನಿಂದಲೂ ಬರುತ್ತಿದ್ದಿತು. ಸ್ವದೇಶದಲ್ಲಿ ಚಾನ್ಸ್ ಸಹೋದರರ ಕಾರ್ಖಾನೆಯಿಂದ ದೊರೆಯುತ್ತಿದ್ದುದು ಹತ್ತೇ ಪಾಲು. ಸಮುದ್ರಗಳನ್ನು ಆಳುತ್ತಿದ್ದ ರಾಷ್ಟ್ರವು ತನ್ನ ಕಣ್ಣನ್ನು ಶತ್ರುವಿನಿಂದ ಕೊಂಡು ತರುತ್ತಿದ್ದಿತು! ಹಿಂದೆ ಭಾರತದಲ್ಲಿ ಮಹಾದಂಡನಾಯಕನಾಗಿದ್ದ ವೃದ್ಧ ಲಾರ್ಡ್ ರಾಬರ್ಟ್ಸನು, ಮನೆಗಳಲ್ಲಿರುವ ದುರ್ಬೀನುಗಳನ್ನು ಸೈನ್ಯಕ್ಕೆ ಎರವಲು ಕೊಡಬೇಕೆಂದು ಪ್ರಜೆಗಳನ್ನು ಬೇಡಿಕೊಂಡನು. ಕುದುರೆ ಪಂದ್ಯ ನೋಡುವುದಕ್ಕೆ ಕೊಂಡಿದ್ದ ದುರ್ಬೀನುಗಳು ಹೀಗೆ ರಣರಂಗಕ್ಕೆ ಹೋದವು. 1915ರಲ್ಲಿ ತಟಸ್ಥ ದೇಶವಾದ ಸ್ವಿಟ್ಜರ್ಲೆಂಡಿನ ಮೂಲಕ ಜರ್ಮನಿಯಿಂದಲೇ ದುರ್ಬೀನು ಪಡೆಯುವ ಮಾತುಕತೆಯೂ ನಡೆಯಿತೆಂದರೆ ಕೊರತೆಯ ಆಳವನ್ನು ಊಹಿಸಬಹುದು.

ಜರ್ಮನರಿಗೆ ಈ ಕೊರತೆಯಿರಲಿಲ್ಲ. ಅಲ್ಲಿ ಕಾಡಿನ ಬೇಟೆಗಾರರು ಕೋವಿಗೆ ದುರ್ಬೀನು ಕಟ್ಟಿಕೊಳ್ಳುವುದು ರೂಢಿಯಾಗಿದ್ದಿತು. ಯುದ್ಧ ಹೂಡಿದೊಡನೆ ಆ ಕೋವಿಗಳು ಕಂದಕಗಳಿಗೆ ಬಂದವು. ಎದುರಿನ ಕಂದಕದಲ್ಲಿ ತಲೆಯೆತ್ತಿದ ಆಂಗ್ಲ ಸೈನಿಕನಿಗೂ ಅವನ ಪಕ್ಕದಲ್ಲಿದ್ದ ಭಾರತೀಯ ಸಿಪಾಯಿಗೂ ಅದೇ ಕೊನೆಯ ನೋಟವಾಗುತ್ತಿದ್ದಿತು.

ಈ ಸಂಕಟವನ್ನು ಕಂಡು ಮರುಗಿದವನು ಹೆಸ್ಕೆತ್ ಪ್ರಿಚರ್ಡ್. ಈತನು 1876ರಲ್ಲಿ ನಮ್ಮ ಝಾನ್ಸಿಯಲ್ಲಿ ಹುಟ್ಟಿದವನು. ಕ್ರಿಕೆಟ್ ಆಟಗಾರ, ಬೇಟೆಗಾರ, ಗ್ರಂಥಕರ್ತ. 1915ರಲ್ಲಿ ಪತ್ರಿಕಾ ಬಾತ್ಮೀದಾರರ ಮೇಲ್ವಿಚಾರಣೆಗೆಂದು ಫ್ರಾನ್ಸಿಗೆ ಹೋಗಿ, ದುರ್ಬೀನಿನ ಕೋವಿಗಳಿದ್ದ ದಳಗಳನ್ನು ಸುತ್ತಿನೋಡಿದನು. ಕಂಡುದು ವಿಷಾದಕರ. ಆ ವೇಳೆಗೆ ಇಂಗ್ಲೆಂಡಿನಿಂದ ದುರ್ಬೀನುಗಳು ಬರಲಾರಂಭಿಸಿದ್ದವು. ಆದರೆ ಬಂದವುಗಳಲ್ಲಿ ಬಹುಪಾಲು ಗುರಿ ತಪ್ಪಿದ್ದವು. ಅವನ್ನು ಸರಿಹೊಂದಿಸುವುದನ್ನು ಯಾರೂ ಸೈನಿಕರಿಗೆ ಕಲಿಸಿರಲಿಲ್ಲ. ಸ್ಕ್ರೂ ಸಡಿಲವಾಗಿದ್ದರೂ ಕೊಳವೆಗೆ ಪೆಟ್ಟು ಬಿದ್ದಿದ್ದರೂ ಅದು ಗಾಜಿನ ಮಹಿಮೆಯಿಂದ ತಾನಾಗಿಯೇ ಗುರಿ ಮುಟ್ಟುವುದೆಂದು ಅವರು ನಂಬಿದ್ದರು. ಇನ್ನೊಂದು ದೋಷವು ಆರಿಸಿದವರದು. ಆಂಗ್ಲ ಕೋವಿಗೆ ಐದೈದು ತೋಟಾಗಳನ್ನು ಒಟ್ಟಿಗೆ ಮೇಲಿನಿಂದ ತುಂಬಬೇಕಾದುದರಿಂದ ದುರ್ಬೀನನ್ನು ನಳಿಗೆಯ ಮೇಲಿಡದೆ ಎಡಕ್ಕೆ ಸರಿಸಿ ಕೂಡಿಸಿದ್ದರು. ಕಂದಕದ ಉಕ್ಕಿನ ತಗಡಿನಲ್ಲಿದ್ದ ಕಿರಿದಾದ ಕಂಡಿಯೊಳಗೆ ನಳಿಗೆಯನ್ನು ತೂರಿಸಿದರೆ ಗಾಜಿಗೆ ಎದುರಾಗುತ್ತಿದ್ದುದು ಶತ್ರುವಲ್ಲ, ತಗಡು! ದೂರದ ಕಚೇರಿಯಲ್ಲಿ ಕುಳಿತು ಆರಿಸಿದವರು ಕಂಡಿಯನ್ನು ನೋಡಿರಲಿಲ್ಲ. ಪ್ರಿಚರ್ಡನು ಒಂದೊಂದು ಕೋವಿಯನ್ನೂ ತಾನೇ ಪರೀಕ್ಷಿಸಿ ಸರಿಪಡಿಸಿದನು. 1916ರಲ್ಲಿ ಲಿಂಗೆಮ್ ಎಂಬ ಹಳ್ಳಿಯ ಬಳಿ ಇದಕ್ಕೆಂದೇ ಒಂದು ಶಾಲೆಯು ನಡೆಯತೊಡಗಿತು. ಅಲ್ಲಿನ ಮೊದಲ ಪಾಠ ಗುಂಡು ಹೊಡೆಯುವುದಲ್ಲ, ನೋಡುವುದು.

ಈ ಅನುಭವಗಳಿಂದ ಆರಿಸುವ ಕ್ರಮವು ನಿಧಾನವಾಗಿ ರೂಪುಗೊಂಡಿತು. ಹೆಚ್ಚು ದೊಡ್ಡದಾಗಿ ತೋರಿಸುವ ಗಾಜೇ ಹೆಚ್ಚು ಒಳ್ಳೆಯದೆಂಬುದು ಸಾಮಾನ್ಯರ ಭ್ರಮೆ. ಬಿಂಬವು ಹಿಗ್ಗಿದಷ್ಟೂ ಕೈಯ ನಡುಕವೂ ಹಿಗ್ಗುತ್ತದೆ, ನೋಟದ ಬಯಲು ಕುಗ್ಗುತ್ತದೆ, ಬೆಳಕು ಕುಂದುತ್ತದೆ. ಮುಂದಿನ ಮಸೂರದ ಅಗಲವನ್ನು ಹಿಗ್ಗಿಸುವ ಸಂಖ್ಯೆಯಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲವು ದೊರೆಯುತ್ತದೆ. ಮುಸ್ಸಂಜೆಯಲ್ಲಿ ನಮ್ಮ ಕಣ್ಣಿನ ಪಾಪೆ ಅರಳುವಷ್ಟು ಅದು ಅಗಲವಾಗಿದ್ದರೆ ಮೇಲು. ಎರಡನೆಯ ಮಹಾಯುದ್ಧದಲ್ಲಿ ಆಂಗ್ಲರು ಬಳಸಿದ 32ನೆಯ ಸಂಖ್ಯೆಯ ದುರ್ಬೀನು ಮೂರು ಪಟ್ಟು ಮಾತ್ರ ಹಿಗ್ಗಿಸುತ್ತಿದ್ದಿತು. ಅದರ ಮುಂದಿನ ಮಸೂರ 19 ಮಿಲಿಮೀಟರು. ಭಾಗಿಸಿ ನೋಡಿದರೆ ಆರಕ್ಕೂ ಮಿಕ್ಕ ಮಿಲಿಮೀಟರು ಬರುತ್ತದೆ. ಅಷ್ಟೇ ಅಲ್ಲ: ಪ್ರತಿಯೊಂದು ದುರ್ಬೀನನ್ನೂ ಒಂದೇ ಕೋವಿಗೆ ಜೋಡಿಸಿ, ದುರ್ಬೀನಿನ ಸಂಖ್ಯೆಯನ್ನು ಕೋವಿಯ ಮರದ ಮೇಲೆ ಒತ್ತುತ್ತಿದ್ದರು. ಆ ಜೋಡಿಯನ್ನು ಅಗಲಿಸಕೂಡದು; ಅಗಲಿಸಿದರೆ ಮತ್ತೆ ಮೊದಲಿನಿಂದ ಗುರಿ ಹೊಂದಿಸಬೇಕು. 1915ರ ತಪ್ಪಿನಿಂದ ಕಲಿತ ಪಾಠವಿದು.

ಇನ್ನು ಕಾಪಾಡುವ ಮಾತು. ಧೂಳು ಕುಳಿತ ಗಾಜನ್ನು ಅಂಗಿಯ ಚುಂಗಿನಿಂದ ಒರೆಸುವುದೆಂದರೆ ಮರಳಿನಿಂದ ಉಜ್ಜಿದಂತೆ. ಮೊದಲು ಮೃದುವಾದ ಕುಂಚದಿಂದ ಧೂಳನ್ನು ಕೊಡವಿ, ಬಳಿಕ ಶುಭ್ರವಾದ ಮೆತುವಾದ ಬಟ್ಟೆಯಿಂದ ಒರೆಸಬೇಕು. ತಿಳಿಯದವನು ಕೊಳವೆಯನ್ನು ಬಿಚ್ಚಲೇಕೂಡದು. ಆದರೆ ಧೂಳಿಗಿಂತ ದೊಡ್ಡ ಶತ್ರು ತೇವ. ಆಗುಂಬೆಯ ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿನ ಪುಸ್ತಕಕ್ಕೂ ಪಾದರಕ್ಷೆಗೂ ಬೂಷ್ಟು ಹಿಡಿಯುವುದನ್ನು ಬಲ್ಲ ಮಲೆನಾಡಿಗರಿಗೆ ಇದು ಹೊಸದಲ್ಲ. ಗಾಜಿಗೂ ಬೂಷ್ಟು ಹಿಡಿಯುತ್ತದೆಂಬುದು ಮಾತ್ರ ಹೊಸದಾಗಿರಬಹುದು. ಎರಡನೆಯ ಮಹಾಯುದ್ಧದಲ್ಲಿ ನ್ಯೂಗಿನಿಯ ಕಾಡುಗಳಲ್ಲಿ ಸೈನ್ಯದ ದುರ್ಬೀನುಗಳೊಳಗೆ ಬೂಷ್ಟು ಬೆಳೆದು, ಅದರ ಆಮ್ಲವು ಗಾಜನ್ನೇ ಕೊರೆದು, ನೋಟವನ್ನು ಮಬ್ಬುಗೊಳಿಸಿತು. ಕಾಪಾಡಲೆಂದು ತೊಡಿಸಿದ ಚರ್ಮದ ಚೀಲವೇ ತೇವವನ್ನು ಹಿಡಿದಿಟ್ಟು ಬೂಷ್ಟಿಗೆ ಆಹಾರವಾಗುತ್ತಿದ್ದಿತು. ಮೆಲ್ಬರ್ನಿನ ಸಸ್ಯಶಾಸ್ತ್ರಜ್ಞರು ಇದಕ್ಕೆ ಔಷಧವನ್ನು ಹುಡುಕಬೇಕಾಯಿತು. ಮುಂದೆ ಕೊಳವೆಯೊಳಗಿನ ಗಾಳಿಯನ್ನು ತೆಗೆದು ಒಣ ನೈಟ್ರೊಜನ್ ಅನಿಲವನ್ನು ತುಂಬಿ ಬಿಗಿಯಾಗಿ ಮುಚ್ಚುವ ಕ್ರಮವು ಬಂದಿತು.

ನಮ್ಮ ದೇಶವೂ ಈ ಪಾಠವನ್ನು ತಡವಾಗಿಯಾದರೂ ಕಲಿಯಿತು. 1943ರಲ್ಲಿ ಯುದ್ಧದ ಒತ್ತಡದಿಂದ ಡೆಹರಾಡೂನಿನಲ್ಲಿ ದೃಗುಪಕರಣಗಳ ಕಾರ್ಖಾನೆಯು ನೆಲೆಗೊಂಡಿತು. 1950ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ಗಾಜು ಮತ್ತು ಪಿಂಗಾಣಿಗಳ ಸಂಶೋಧನಾಲಯದಲ್ಲಿ, 1960ರ ದಶಕದಲ್ಲಿ ಮಸೂರದ ಗಾಜನ್ನು ಸ್ವತಃ ಕರಗಿಸತೊಡಗಿದರು. ಅಲ್ಲಿಯವರೆಗೆ ನಮ್ಮ ಕಣ್ಣೂ ಪರದೇಶದ್ದೇ ಆಗಿದ್ದಿತು.

ಕಡೆಯದಾಗಿ ಒಂದು ಮಾತು. ಬರಿಗಣ್ಣಿಗೆ ಮುನ್ನೂರು ಗಜದ ಆಚೆ ಕಾಣುವುದು ಒಂದು ಚುಕ್ಕೆ. ಗಾಜಿನಲ್ಲಿ ಕಾಣುವುದು ಒಬ್ಬ ಮನುಷ್ಯ. ಅವನು ನಗುತ್ತಿರಬಹುದು, ಕಾಗದ ಓದುತ್ತಿರಬಹುದು. ಗ್ಯಾಸ್ಕಾಯಿನನ ಜೇಡವು ನೇಯ್ದ ಎಳೆ ಅವನ ಎದೆಯ ಮೇಲೆ ನಿಂತಿರುತ್ತದೆ. ಗಾಜು ದೂರವನ್ನು ಕಡಿಮೆ ಮಾಡಬಲ್ಲುದು. ಕಂಡುದಕ್ಕೆ ಹೊಣೆಯಾಗುವ ಭಾರವನ್ನು ಕಡಿಮೆ ಮಾಡಲಾರದು. ಗಾಜನ್ನು ತಿಳಿಯಾಗಿಡುವವನು ಅದರ ಹಿಂದಿರುವ ಮನಸ್ಸನ್ನೂ ತಿಳಿಯಾಗಿಡಬೇಕು. ಅರ್ಜುನನ ಮುಂದಿದ್ದ ನೀರಿಗೂ ಈ ಮಾತು ಸಲ್ಲುತ್ತಿದ್ದಿತೆಂದು ನಾವು ಭಾವಿಸುತ್ತೇವೆ.