ಜಮಖಾನೆಯ ಅಂಚಿನಲ್ಲಿ ಕುಳಿತವರು

ಲೈಂಗಿಕ ಅಲ್ಪಸಂಖ್ಯಾತರನ್ನು ಸಭೆಗೆ ಸೇರಿಸಿಕೊಳ್ಳುವ ಮಾತು ಬೆಂಗಳೂರಿನ ಇಂಗ್ಲಿಷ್ ಚರ್ಚುಗಳದ್ದು, ಅಲ್ಲಿಗೂ ಅದು ಅಮೆರಿಕದಿಂದ ಬಂದದ್ದು ಎಂದು ಈಚೆಗೆ ನಮ್ಮ ಬೋಧಕರ ಕೂಟಗಳಲ್ಲಿ ಪದೇ ಪದೇ ಕೇಳುತ್ತಿದ್ದೇನೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಸಭೆಗಳಲ್ಲಿ ‘ಅಂಥವರು ಇಲ್ಲವೇ ಇಲ್ಲ’ ಎಂಬ ಮಾತೂ ಅದರ ಬೆನ್ನಿಗೇ ಬರುತ್ತದೆ. ಈ ಸಭೆಗಳಲ್ಲೇ ಬೆಳೆದು, ಇಲ್ಲೇ ಕೂದಲು ನೆರೆಸಿಕೊಂಡ ನಾನು ಎರಡನ್ನೂ ಒಪ್ಪಲಾರೆ.

ಹೊರಗಿನ ಕತೆ ಬೇಗ ಹೇಳಿ ಮುಗಿಸುತ್ತೇನೆ. 1968ರಲ್ಲಿ ಟ್ರಾಯ್ ಪೆರ್ರಿ ಕ್ಯಾಲಿಫೋರ್ನಿಯಾದ ತಮ್ಮ ಮನೆಯಲ್ಲಿ ಆರಂಭಿಸಿದ ಆರಾಧನೆ ಮೆಟ್ರೊಪಾಲಿಟನ್ ಕಮ್ಯುನಿಟಿ ಚರ್ಚ್ ಆಗಿ ಬೆಳೆಯಿತು. 1972ರಲ್ಲಿ ಅಮೆರಿಕದ ಯುನೈಟೆಡ್ ಮೆಥೋಡಿಸ್ಟರು ಸಲಿಂಗಪ್ರೇಮ ಕ್ರೈಸ್ತ ಬೋಧನೆಗೆ ಹೊಂದುವುದಿಲ್ಲವೆಂದು ತಮ್ಮ ನಿಯಮಾವಳಿಯಲ್ಲಿ ಬರೆದರು. 2024ರ ಮೇ ತಿಂಗಳಲ್ಲಿ ಆ ಮಾತನ್ನು ತೆಗೆದುಹಾಕಿದರು. ನಮ್ಮ ಮೆಥೋಡಿಸ್ಟ್ ಚರ್ಚ್ ಇನ್ ಇಂಡಿಯಾ 1981ರಿಂದ ಸ್ವತಂತ್ರ ಸಭೆ. ಅಲ್ಲಿ ತಿದ್ದಿದ್ದು ಇಲ್ಲಿ ತಾನಾಗಿ ತಿದ್ದುಪಡಿಯಾಗುವುದಿಲ್ಲ. ಇಲ್ಲಿಯದನ್ನು ಇಲ್ಲಿಯವರೇ ಯೋಚಿಸಬೇಕು.

ಇಲ್ಲಿಯ ಕತೆ ಜೋಗಪ್ಪನಿಂದ ಶುರುವಾಗಬೇಕು. ಮಿಷನರಿಗಳು ಬರುವ ಮೊದಲೇ ನಮ್ಮ ಕೇರಿಗಳಲ್ಲಿ ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು, ಗಂಡಾಗಿ ಹುಟ್ಟಿಯೂ ಸೀರೆಯುಟ್ಟು, ಚೌಡಿಕೆ ನುಡಿಸುವ ಜೋಗಪ್ಪಂದಿರಿದ್ದರು. ಅವರ ಬಾಳು ಹೂವಿನ ಹಾಸಿಗೆಯಾಗಿರಲಿಲ್ಲ. ಆದರೂ ಅವರಿಗೊಂದು ಹೆಸರಿತ್ತು, ಜಾಗವಿತ್ತು. 19ನೇ ಶತಮಾನದ ಕೊನೆಯ ದಶಕದಿಂದ ಬೀದರ್ ಕೇಂದ್ರವಾಗಿ ಹರಡಿದ ಮೆಥೋಡಿಸ್ಟ್ ಮಿಷನ್ ನಮ್ಮ ಹೊಲೆಯ, ಮಾದಿಗ ಕೇರಿಗಳಿಗೆ ಅಕ್ಷರ ಕೊಟ್ಟಿತು, ಔಷಧ ಕೊಟ್ಟಿತು, ತಲೆಯೆತ್ತಿ ನಡೆಯುವ ಧೈರ್ಯ ಕೊಟ್ಟಿತು. ಆ ಋಣ ನಾನು ಮರೆಯುವವನಲ್ಲ. ಆದರೆ ಎಲ್ಲಮ್ಮನ ಗುಡ್ಡದ ದಾರಿ ಬಿಡಿಸಿದ ಮೇಲೆ, ಆ ದಾರಿಯಲ್ಲಿ ಜಾಗ ಕಂಡುಕೊಂಡಿದ್ದ ಮಗುವಿಗೆ ಸಭೆಯೊಳಗೆ ಬೇರೆ ಜಾಗ ತೋರಿಸಲಿಲ್ಲ. ನಮ್ಮ ಸಭೆಗಳ ಚರಿತ್ರೆ ಬರೆದವರು ಈ ನಷ್ಟವನ್ನು ಲೆಕ್ಕಕ್ಕೆ ಹಿಡಿದದ್ದನ್ನು ನಾನು ಕಂಡಿಲ್ಲ.

ನನ್ನ ತಲೆಮಾರಿನವರು ಈ ವಿಷಯಕ್ಕೆ ಬಂದದ್ದು ವೇದಶಾಸ್ತ್ರದ ಪುಸ್ತಕದಿಂದಲ್ಲ, ಎಚ್‌ಐವಿಯಿಂದ. 2004ರಲ್ಲಿ ಸರ್ಕಾರ ಉಚಿತ ಎಆರ್‌ಟಿ ಚಿಕಿತ್ಸೆ ಶುರುಮಾಡುವ ತನಕ ಬಡವರಿಗೆ ಆ ರೋಗವೆಂದರೆ ಸಾವೇ. ಉತ್ತರ ಕರ್ನಾಟಕದ ಜಿಲ್ಲೆಗಳಿಗೆ ಅದು ಬಲವಾಗಿ ಬಡಿಯಿತು. ಬೆಂಗಳೂರಿನಲ್ಲಿ 1999ರಲ್ಲಿ ಹುಟ್ಟಿದ ‘ಸಂಗಮ’ ಲೈಂಗಿಕ ಅಲ್ಪಸಂಖ್ಯಾತರ ಹಕ್ಕಿನ ಮಾತನ್ನು ಕನ್ನಡದಲ್ಲೇ ಆಡಿತು. ಕಮಿಲಿಯನ್ ಪಾದ್ರಿಗಳ ‘ಸ್ನೇಹದಾನ’ ರೋಗಿಗಳಿಗೆ ಹಾಸಿಗೆ ಕೊಟ್ಟಿತು. ನಾಗಪುರದ ರಾಷ್ಟ್ರೀಯ ಕ್ರೈಸ್ತ ಸಭೆಗಳ ಮಂಡಳಿಯ ಎಚ್‌ಐವಿ ಕಾರ್ಯಕ್ರಮವೇ ಮುಂದೆ ಲಿಂಗತ್ವ ವೈವಿಧ್ಯದ ಕುರಿತು ಸಭೆಗಳ ಜೊತೆ ಮಾತಿಗಿಳಿಯಿತು. ರೋಗಿಯ ಮೈ ಒರೆಸಿದವರು ಮೊದಲು ಮನಸ್ಸು ಬದಲಿಸಿದರು. ಪ್ರಸಂಗ ಮಾಡುವವರು ತಡವಾಗಿ ಬಂದರು.

ಮಹಾರಾಷ್ಟ್ರ ಗಡಿಯ ಒಂದು ಸಭೆಯಲ್ಲಿ ನಾನೇ ಕಂಡದ್ದನ್ನು ಹೇಳುತ್ತೇನೆ. ಹಿರೋಳ್ಳಿ ದಾಟಿ ಸೊಲ್ಲಾಪುರ, ಪುಣೆ, ಮುಂಬೈಗೆ ದುಡಿಯಲು ಹೋಗುವ ಹುಡುಗರಲ್ಲಿ ಒಬ್ಬ, ಅಲ್ಲಿ ಸೀರೆಯುಟ್ಟು ಬದುಕಿ, ಕಾಯಿಲೆ ಹತ್ತಿಸಿಕೊಂಡು ಊರಿಗೆ ಬಂದಳು. ಭಾನುವಾರ ಜಮಖಾನೆಯ ಕೊನೆಯ ಅಂಚಿನಲ್ಲಿ, ಗಂಡಸರ ಕಡೆಯೂ ಅಲ್ಲ, ಹೆಂಗಸರ ಕಡೆಯೂ ಅಲ್ಲ, ನಡುವೆ ಕೂಡುತ್ತಿದ್ದಳು. ಪ್ರಭುಭೋಜನಕ್ಕೆ ಏಳಲಿಲ್ಲ. ಮೂರನೇ ವಾರ ಮಹಿಳಾ ಸಂಘದ ಹಿರಿಯಳೊಬ್ಬಳು ‘ಏಳವ್ವಾ, ರೊಟ್ಟಿ ಮುಗಿತೈತಿ’ ಎಂದು ಕೈಹಿಡಿದು ಎಬ್ಬಿಸಿದಳು. ಪಾಸ್ಟರ್ ತಡೆಯಲಿಲ್ಲ. ಅಂದು ಯಾರೂ ಠರಾವು ಪಾಸು ಮಾಡಲಿಲ್ಲ. ಅವಳು ತೀರಿಕೊಂಡಾಗ ಅದೇ ಹೆಂಗಸರು ಮೈ ತೊಳೆದು ಸೀರೆ ಉಡಿಸಿದರು. ಸ್ವೀಕಾರ ಎಂಬ ಪದದ ಅರ್ಥ ನನಗೆ ತಿಳಿದದ್ದು ಅಲ್ಲಿ.

ಕೋರ್ಟಿನ ಕಾಲ ಆಮೇಲಿನದು. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಬಿಗಿ ಸಡಿಲಿಸಿದಾಗ, ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಉತ್ಕಲ ಕ್ರಿಶ್ಚಿಯನ್ ಕೌನ್ಸಿಲ್ ಮತ್ತು ಅಪೊಸ್ತಲಿಕ್ ಸಭೆಗಳ ಒಕ್ಕೂಟವೂ ಇದ್ದವು. ಇದು ನಮಗೆ ಗೌರವದ ಸಂಗತಿಯಲ್ಲ. 2013ರ ಡಿಸೆಂಬರಿನಲ್ಲಿ ಕಲಮು ಮತ್ತೆ ಜೀವ ಪಡೆದಾಗ, ಮುಂಬೈಯ ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್ ಸಲಿಂಗಪ್ರೇಮಿಗಳನ್ನು ಅಪರಾಧಿಗಳೆನ್ನುವುದನ್ನು ಒಪ್ಪಲಿಲ್ಲ. ಲಿಂಗಾಂತರಿಗಳ ಹಕ್ಕು ಎತ್ತಿಹಿಡಿದ 2014ರ ನಾಲ್ಸಾ ತೀರ್ಪು, ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದ 2018ರ ನವತೇಜ್ ತೀರ್ಪು ಎಲ್ಲರಿಗೂ ಗೊತ್ತಿರುವಂಥವು. ನಡುವೆ 2015ರಲ್ಲಿ ಜಾರ್ಜ್ ಜಕರಾಯ ಮತ್ತು ವಿನ್ಸೆಂಟ್ ರಾಜಕುಮಾರ್ ಸಂಪಾದಿಸಿದ, ಸಭೆ ಮತ್ತು ಸಲಿಂಗದ್ವೇಷವನ್ನು ಕುರಿತ ಪುಸ್ತಕ ಬಂತು. ಒಳ್ಳೆಯ ಕೆಲಸ, ಇಂಗ್ಲಿಷಿನಲ್ಲಿದೆ.

ಕೆಥೊಲಿಕರ ವಿಷಯ ಸಂಕ್ಷೇಪವಾಗಿ: ನಮ್ಮ ಭಾಗದ ಗುಲ್ಬರ್ಗಾ ಧರ್ಮಕ್ಷೇತ್ರ 2005ರದ್ದು. ಲಿಂಗಾಂತರಿಗಳಿಗೆ ದೀಕ್ಷಾಸ್ನಾನ ಕೊಡಬಹುದೆಂದು ವ್ಯಾಟಿಕನ್ 2023ರ ನವೆಂಬರಿನಲ್ಲಿ ಸ್ಪಷ್ಟಪಡಿಸಿತು. ಹಳ್ಳಿಯ ಉಪದೇಶಿಗೆ ಆ ಸುದ್ದಿ ಅವನ ಭಾಷೆಯಲ್ಲಿ ಮುಟ್ಟಬೇಕು.

ನನ್ನ ಕೊರಗೂ ಅದೇ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಮೊದಲು ಮಾಡಿದ್ದು ಕನ್ನಡ ಕಲಿಯುವ ಕೆಲಸ, ಆಮೇಲೆ ಬೈಬಲಿನ ಅನುವಾದ. ಇನ್ನೂರು ವರ್ಷಗಳ ಮೇಲೆ, ಈ ವಿಷಯದಲ್ಲಿ ನನ್ನ ಕಪಾಟಿನಲ್ಲಿರುವ ಪುಸ್ತಕ, ವರದಿ, ಹೇಳಿಕೆಗಳಲ್ಲಿ ಒಂದೂ ಕನ್ನಡದ್ದಲ್ಲ. ಅಪೊಸ್ತಲರ ಕೃತ್ಯಗಳ ಎಂಟನೇ ಅಧ್ಯಾಯದಲ್ಲಿ ಐಥಿಯೋಪ್ಯದ ನಪುಂಸಕ ಅಧಿಕಾರಿಗೆ ಫಿಲಿಪ್ಪನು ದಾರಿಬದಿಯ ನೀರಿನಲ್ಲೇ ದೀಕ್ಷಾಸ್ನಾನ ಕೊಡುತ್ತಾನೆ, ಯಾವ ಕಮಿಟಿಯನ್ನೂ ಕೇಳದೆ. ನಮ್ಮ ಬೋಧಕರು ಆ ಭಾಗವನ್ನು ವಿದೇಶಕ್ಕೆ ಸುವಾರ್ತೆ ಹೋದ ಕತೆಯಾಗಿ ಮಾತ್ರ ಹೇಳುತ್ತಾರೆ. ಆ ಮನುಷ್ಯ ಯಾರು ಎಂದು ಹೇಳುವುದಿಲ್ಲ.

ಆಳಂದ, ಅಫಜಲಪುರ, ಜೇವರ್ಗಿಯ ಸಭಾಪಾಲಕರಲ್ಲಿ ನನ್ನ ಬೇಡಿಕೆ ಎರಡೇ. ಆ ಅಧ್ಯಾಯವನ್ನು ಒಂದು ಭಾನುವಾರ ಪೂರ್ತಿ ಓದಿ, ಪೂರ್ತಿ ವಿವರಿಸಿ. ದೀಕ್ಷಾಸ್ನಾನದ ರಿಜಿಸ್ಟರು ತೆರೆದಾಗ, ಎದುರಿಗೆ ನಿಂತವರು ಹೇಳುವ ಹೆಸರನ್ನೇ ಬರೆಯಿರಿ.