ಗಂಟಲಿಗೆ ತಕ್ಕ ಕಹಳೆ

ನಮ್ಮ ನಂದಗುಡಿಯ ಕಡೆ ‘ಮೈಕು’ ಎಂಬ ಮಾತಿಗೆ ಇರುವ ಅರ್ಥವ್ಯಾಪ್ತಿ ಬಹಳ ದೊಡ್ಡದು. ಮಾತನಾಡುವವನ ಬಾಯಿಯ ಮುಂದೆ ನಿಲ್ಲುವ ಉಪಕರಣವೂ ಮೈಕೇ, ಅರಳಿಮರದ ಕೊಂಬೆಗೆ ಕಟ್ಟಿದ ತುತ್ತೂರಿಯೂ ಮೈಕೇ, ಇವೆರಡರ ನಡುವೆ ಮೇಜಿನ ಕೆಳಗೆ ಬಿಸಿಯಾಗುತ್ತ ಕುಳಿತ ಪೆಟ್ಟಿಗೆಯೂ ಮೈಕೇ. ಶಿಷ್ಟಭಾಷೆ ಇದಕ್ಕಿಂತ ಹೆಚ್ಚಿನ ವಿವೇಕವನ್ನೇನೂ ತೋರಿಲ್ಲ. ‘ಧ್ವನಿವರ್ಧಕ’ ಎಂಬ ಒಂದೇ ಪದವನ್ನು ಟಂಕಿಸಿ ಪೆಟ್ಟಿಗೆಗೂ ತುತ್ತೂರಿಗೂ ಹಂಚಿಬಿಟ್ಟಿದೆ. ಕನ್ನಡ ಪಾಠ ಹೇಳಿ ಜೀವಿಸುವ ನಾನು ಇದನ್ನು ಭಾಷೆಯ ಒಂದು ವಿನೋದವೆಂದೇ ಬಹುಕಾಲ ಎಣಿಸಿದ್ದೆ. ಪೆಟ್ಟಿಗೆ ಬೇರೆ, ತುತ್ತೂರಿ ಬೇರೆ, ಎರಡರ ಜಾತಕವೂ ಕೂಡಿಬರಬೇಕು ಎಂಬುದು ಹೋದ ವರ್ಷ ಕೈಯಿಂದ ಹಣ ಹೋದ ಮೇಲೆ ತಿಳಿಯಿತು.

ಸಂಗತಿ ಇಷ್ಟು. ನಮ್ಮ ತಂದೆಯವರು ಊರಿನ ಕುರುಕ್ಷೇತ್ರ ನಾಟಕದಲ್ಲಿ ವಿದುರನ ಪಾತ್ರ ಮಾಡುತ್ತಿದ್ದರು. ನಮ್ಮ ಕಡೆಯ ಪೌರಾಣಿಕ ನಾಟಕಗಳಲ್ಲಿ ಪಾತ್ರಧಾರಿಗೆ ಸಂಭಾವನೆಯಿಲ್ಲ. ಪಾತ್ರಕ್ಕೆ ಅವನೇ ಹಣ ಕಟ್ಟಬೇಕು. ದುರ್ಯೋಧನನಿಗೆ ಹೆಚ್ಚು, ವಿದುರನಿಗೆ ಕಡಿಮೆ. ತಂದೆಯವರ ಕೈಗೆಟುಕಿದ್ದು ವಿದುರ. ಅವರ ಮೆಲುದನಿಗೆ ಒಪ್ಪಿದವನೂ ಅವನೇ. ೧೯೯೨ರ ಒಂದು ರಾತ್ರಿ ಆ ನಾಟಕವನ್ನು ಯಾರೋ ಕ್ಯಾಸೆಟ್ಟಿಗೆ ಇಳಿಸಿದ್ದರು. ತಂದೆಯವರು ಈಗಿಲ್ಲ, ಅವರ ದನಿಯೆಂದು ನಮಗೆ ಉಳಿದಿರುವುದು ಆ ಕ್ಯಾಸೆಟ್ಟೊಂದೇ. ಅದನ್ನು ಪೆನ್‌ಡ್ರೈವಿಗೆ ಹಾಕಿಸಿ, ಊರಿನಿಂದ ಅಮ್ಮನನ್ನು ಕರೆದುಕೊಂಡು ಬರುವಾಗ ಕಾರಿನಲ್ಲಿ ಕೇಳಿಸಬೇಕೆಂದು ಆಸೆಪಟ್ಟೆ. ಆದರೆ ನನ್ನ ಹಳೆಯ ಕಾರಿನ ಬಾಗಿಲಲ್ಲಿದ್ದ ಸ್ಪೀಕರುಗಳಲ್ಲಿ ಹಾರ್ಮೋನಿಯಂ ಕೇಳುತ್ತಿತ್ತು, ವಿದುರ ಕೇಳುತ್ತಿರಲಿಲ್ಲ. ನಗರದ ಒಂದು ಅಂಗಡಿಯಲ್ಲಿ ‘೧೦೦೦ ವ್ಯಾಟ್’ ಎಂದು ಚಿನ್ನದ ಅಕ್ಷರದಲ್ಲಿ ಬರೆದಿದ್ದ ಆಂಪ್ಲಿಫೈಯರೊಂದನ್ನು ಕೂರಿಸಿಕೊಂಡು ಬಂದೆ. ಮೂರನೆಯ ವಾರ ಎರಡು ಟ್ವೀಟರುಗಳೂ ಸುಟ್ಟುಹೋದವು. ಸಾವಿರ ವ್ಯಾಟಿನಲ್ಲಿ ಸತ್ತವನು ಮೆಲುದನಿಯ ವಿದುರ!

ಈ ಪೆಟ್ಟಿನಿಂದ ಎಚ್ಚತ್ತು ಪೆಟ್ಟಿಗೆ–ತುತ್ತೂರಿಗಳ ಸಂಬಂಧದ ಚರಿತ್ರೆಯನ್ನು ಅಷ್ಟಿಷ್ಟು ಕೆದಕಿದೆ. ಅದನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ವಿದ್ಯುತ್ತಿಗಿಂತ ಮೊದಲೂ ನಮ್ಮವರಿಗೆ ಹೊಂದಾಣಿಕೆಯ ಮರ್ಮ ಗೊತ್ತಿತ್ತು. ತಂಬೂರಿಯ ತಂತಿಯನ್ನು ಎರಡು ಮೊಳೆಗಳ ನಡುವೆ ಬಿಗಿದು ಮೀಟಿದರೆ ಪಕ್ಕದವನಿಗೂ ಕೇಳದು. ತೆಳ್ಳನೆಯ ತಂತಿಗೆ ಗಾಳಿಯನ್ನು ಹಿಡಿದು ನೂಕುವ ಮೈ ಇಲ್ಲ. ಕುದುರೆಯ ಮೂಲಕ ಅದನ್ನು ಬುರುಡೆಗೆ ಸೇರಿಸಿದಾಗ ಅದೇ ಬೆರಳಿನ ಬಲಕ್ಕೆ ಮನೆಯೆಲ್ಲ ತುಂಬುತ್ತದೆ. ಕಹಳೆ ಕೊಂಬುಗಳು ಬಾಯಿಂದ ಬಾಯಿಗೆ ಅಗಲವಾಗುತ್ತ ಹೋಗುವುದೂ ಈ ಕಾರಣಕ್ಕೇ. ಬುರುಡೆಯಾಗಲಿ ಕಹಳೆಯಾಗಲಿ ಬಲವನ್ನು ಹುಟ್ಟಿಸುವುದಿಲ್ಲ. ಇದ್ದ ಬಲ ಪೋಲಾಗದಂತೆ ದಾಟಿಸುತ್ತವೆ. ಮುಂದಿನ ಕಥೆಗೆಲ್ಲ ಇದೇ ಸೂತ್ರ.

ವಿದ್ಯುತ್ತಿನ ಕಹಳೆ ಬಂದದ್ದು ೧೯೧೫ರಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡಮ್ ಎಂಬಿಬ್ಬರು ಅದನ್ನು ಮಾಡಿ ‘ಮ್ಯಾಗ್ನವಾಕ್ಸ್’, ಎಂದರೆ ‘ಮಹಾಧ್ವನಿ’, ಎಂದು ಹೆಸರಿಟ್ಟರು. ೧೯೧೯ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಸ್ಯಾನ್ ಡಿಯಾಗೋ ನಗರದ ಮಹಾಸಭೆಯಲ್ಲಿ ಅದರ ಮೂಲಕ ಮಾತನಾಡಿದನು. ಇಂದು ನಮ್ಮ ಕಾರಿನ ಬಾಗಿಲಲ್ಲಿರುವ ಸುರುಳಿ–ಕಾಗದದ ಸ್ಪೀಕರಿನ ರೂಪವನ್ನು ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ರೈಸ್ ಮತ್ತು ಕೆಲಾಗ್ ೧೯೨೫ರಲ್ಲಿ ಪ್ರಕಟಿಸಿದರು. ಇದರಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಅಂದಿನ ರೇಡಿಯೊಗಳಿಗೆ ಆ ಸ್ಪೀಕರನ್ನು ನಡೆಸುವ ತ್ರಾಣವಿರಲಿಲ್ಲ. ಆದ್ದರಿಂದ ಅದಕ್ಕೆ ತಕ್ಕ ಆಂಪ್ಲಿಫೈಯರನ್ನು ಅದೇ ಪೆಟ್ಟಿಗೆಯಲ್ಲಿಟ್ಟು ಮಾರಿದರು. ಹುಟ್ಟಿದಾಗ ಇವು ಜೋಡಿಯಾಗಿಯೇ ಹುಟ್ಟಿದವು. ಬೇರೆ ಬೇರೆ ಅಂಗಡಿಯಲ್ಲಿ ಕೊಂಡು ಗಂಟುಹಾಕುವ ಪದ್ಧತಿ ಆಮೇಲಿನದು.

ನಮ್ಮ ದೇಶದಲ್ಲಿ ೧೯೩೧ರ ಕರಾಚಿ ಕಾಂಗ್ರೆಸ್ಸಿಗೆ ನಾನಿಕ್ ಮೋಟ್ವಾನೆಯವರ ಚಿಕಾಗೊ ರೇಡಿಯೊ ಸಂಸ್ಥೆ ಧ್ವನಿವರ್ಧಕಗಳನ್ನು ಒದಗಿಸಿತು. ಸ್ವಾತಂತ್ರ್ಯ ಹೋರಾಟದ ಸಭೆಗಳ ಚಿತ್ರಗಳಲ್ಲಿ ನಾಯಕರ ಮುಂದೆ ‘ಚಿಕಾಗೊ’ ಎಂಬ ಫಲಕ ಹೊತ್ತ ಮೈಕು ಕಾಣುವುದು ಇದರಿಂದ. ಮೂರು ವರ್ಷದ ಮೇಲೆ, ೧೯೩೪ರಲ್ಲಿ, ‘ಸತಿ ಸುಲೋಚನ’ ಬಂದು ಕನ್ನಡ ತೆರೆಗೆ ಬಾಯಿ ಬಂತು. ೧೯೩೫ರ ಸೆಪ್ಟೆಂಬರಿನಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ‘ವಿಠಲ ವಿಹಾರ’ದಿಂದ ೩೦ ವ್ಯಾಟಿನ ಪ್ರೇಷಕವನ್ನಿಟ್ಟುಕೊಂಡು ಬಾನುಲಿ ಆರಂಭಿಸಿದರು, ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಯದು. ಪ್ರೇಷಕದ ವ್ಯಾಟು ಬೇರೆ, ಸ್ಪೀಕರಿನ ವ್ಯಾಟು ಬೇರೆ ಎಂಬುದನ್ನು ಬಲ್ಲೆ. ಆದರೂ ಒಂದು ಊರಿಗೆ ಸಾಕಾದ ೩೦ ವ್ಯಾಟನ್ನು ನೆನೆದಾಗ, ನಾಲ್ಕು ಜನ ಕೂರುವ ಕಾರಿಗೆ ಸಾವಿರ ಬೇಡಿದ ನನ್ನ ಬುದ್ಧಿಗೆ ನಾಚಿಕೆಯಾಗುತ್ತದೆ.

ಹಳ್ಳಿಗೆ ಮೈಕು ಬಂದದ್ದು ವಾಹನ ಹತ್ತಿಕೊಂಡು. ಕರೆಂಟಿಲ್ಲದ ಊರಿನಲ್ಲಿ ಅದು ೧೨ ವೋಲ್ಟಿನ ಮೋಟಾರು ಬ್ಯಾಟರಿಯಿಂದಲೇ ನಡೆಯಬೇಕಿತ್ತು. ಟೂರಿಂಗ್ ಟಾಕೀಸಿನ ಆಟದ ಸುದ್ದಿ ಸಾರುವ ಜಟಕಾ, ಚುನಾವಣೆಯ ಜೀಪು, ಜಾತ್ರೆಯ ಲಾರಿ—ಇವೇ ನಮ್ಮ ನಾಡಿನ ಮೊದಲ ‘ಕಾರ್ ಆಡಿಯೊ’. ಒಂದೇ ವ್ಯತ್ಯಾಸ: ಅಂದಿನ ಸ್ಪೀಕರು ಹೊರಗಿನವರಿಗಾಗಿ ಹೊರಕ್ಕೆ ಮುಖ ಮಾಡಿತ್ತು.

ಹೊಂದಾಣಿಕೆಯ ವಿದ್ಯೆ ಹಳ್ಳಿಯಲ್ಲಿ ಉಳಿದದ್ದು ಮೈಕ್‌ಸೆಟ್ಟಿನವರ ಕೈಯಲ್ಲಿ. ನಮ್ಮ ಕಡೆಯ ನಾಟಕಗಳಿಗೆ ಸೆಟ್ಟು ತರುತ್ತಿದ್ದ ಸಾಬರೊಬ್ಬರಿಗೆ ಈಗ ಎಪ್ಪತ್ತು ದಾಟಿದೆ. ಸುಟ್ಟ ಟ್ವೀಟರುಗಳನ್ನು ಹಿಡಿದು ಅವರಲ್ಲಿಗೆ ಹೋದೆ. ತಮ್ಮ ತಂದೆಯ ಕಾಲದ ವಾಲ್ವ್ ಸೆಟ್ಟಿನಿಂದಲೇ ಅವರು ಮಾತು ತೆಗೆದರು. ವಾಲ್ವಿಗೆ ಬೇಕಾದ ಹೊರೆ ಸಾವಿರಾರು ಓಮಿನದು. ಸ್ಪೀಕರು ೪, ೮, ಇಲ್ಲವೆ ೧೬ ಓಮಿನದು. ನಡುವೆ ಟ್ರಾನ್ಸ್‌ಫಾರ್ಮರೊಂದು ನಿಂತು, ತಂಬೂರಿಯ ಕುದುರೆಯ ಹಾಗೆ, ಎರಡನ್ನೂ ಒಪ್ಪಿಸುತ್ತಿತ್ತು. ದೂರದ ಹಾರನ್ನುಗಳಿಗೆ ೧೦೦ ವೋಲ್ಟಿನ ಲೈನು. ಅಲ್ಲಿ ಲೆಕ್ಕ ಸುಲಭ. ೫೦ ವ್ಯಾಟಿನ ಸೆಟ್ಟಿಗೆ ೨೫ರ ಎರಡು ಹಾರನ್ನು. ಮೂರನೆಯದು ಬೇಕೆಂದರೆ ಮೂರನ್ನೂ ೧೫ಕ್ಕೆ ಇಳಿಸಬೇಕು. ‘ಗೌಡರು ಇನ್ನೊಂದು ಹಾರನ್ ಕಟ್ಟು ಅಂತ ಕೂಗೋರು. ಕಟ್ಟಿದ್ರೆ ಸೆಟ್ ಹೋಗ್ತದೆ, ಕಟ್ಟದಿದ್ರೆ ಬಾಡಿಗೆ ಹೋಗ್ತದೆ’ ಎಂದು ನಕ್ಕರು.

ಬೆಂಗಳೂರಿನಲ್ಲಿ ೧೯೫೪ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ೧೯೬೧ರಲ್ಲಿ ರೇಡಿಯೊ ವಾಲ್ವುಗಳನ್ನೂ ಮರುವರ್ಷವೇ ಜರ್ಮೇನಿಯಂ ಅರೆವಾಹಕಗಳನ್ನೂ ಮಾಡತೊಡಗಿತು. ಒಂದು ಯುಗ ಬರುವಾಗಲೇ ಇನ್ನೊಂದು ಅದರ ಹೆಗಲೇರಿತ್ತು. ಟ್ರಾನ್ಸಿಸ್ಟರಿನೊಡನೆ ನಿಯಮವೇ ತಲೆಕೆಳಗಾಯಿತು. ವಾಲ್ವ್ ಸೆಟ್ಟನ್ನು ಸ್ಪೀಕರಿಲ್ಲದೆ ಜೋರಾಗಿ ನಡೆಸಿದರೆ ಟ್ರಾನ್ಸ್‌ಫಾರ್ಮರಿಗೆ ಅಪಾಯ. ಟ್ರಾನ್ಸಿಸ್ಟರ್ ಸೆಟ್ಟಿಗೆ ಹೊರೆ ಇಲ್ಲದಿರುವುದು ಚಿಂತೆಯಲ್ಲ, ಓಮು ತೀರ ಇಳಿದರೆ ಅಪಾಯ. ‘ಅಪ್ಪ ಕಲಿಸಿದ್ದನ್ನು ಮರೀಬೇಕಾಯ್ತು ಮೇಷ್ಟ್ರೇ’ ಎಂದರು ಸಾಬರು.

ಇನ್ನು ಕಾರಿನೊಳಗಣ ಕಥೆ. ೧೯೩೦ರಲ್ಲಿ ಚಿಕಾಗೊದ ಗ್ಯಾಲ್ವಿನ್ ಸಹೋದರರು ಕಾರಿನ ರೇಡಿಯೊ ಮಾಡಿ ‘ಮೋಟರೋಲ’ ಎಂದು ಕರೆದರು. ವಾಲ್ವಿಗೆ ನೂರಾರು ವೋಲ್ಟು ಬೇಕು, ಅಂದಿನ ಕಾರಿನಲ್ಲಿದ್ದುದು ೬ ವೋಲ್ಟು. ಮುಂದೆ ಬಂದ ಸೆಟ್ಟುಗಳಲ್ಲಿ ಕಂಪಿಸುವ ಕೀಲೊಂದನ್ನಿಟ್ಟು ಬ್ಯಾಟರಿಯ ವಿದ್ಯುತ್ತನ್ನು ಕತ್ತರಿಸಿ ಕತ್ತರಿಸಿ ಟ್ರಾನ್ಸ್‌ಫಾರ್ಮರಿಗೆ ಕೊಟ್ಟು ಏರಿಸುತ್ತಿದ್ದರು. ಇಂದಿನ ಕಾರಿನ ಬೇರೆ ಆಂಪ್ಲಿಫೈಯರಿನೊಳಗೂ ಸದ್ದಿಲ್ಲದ ಟ್ರಾನ್ಸಿಸ್ಟರುಗಳು ಆ ಕೀಲಿನ ಕೆಲಸವನ್ನೇ ಮಾಡುತ್ತಿವೆ.

ಏರಿಸುವ ಅಗತ್ಯವೇನು? ಎಂಜಿನ್ ನಡೆಯುವಾಗ ಕಾರಿನಲ್ಲಿ ಸುಮಾರು ೧೪.೪ ವೋಲ್ಟು ಇರುತ್ತದೆ. ವೋಲ್ಟನ್ನು ವೋಲ್ಟಿನಿಂದ ಗುಣಿಸಿ ಓಮಿನಿಂದ ಭಾಗಿಸಿದರೆ ವ್ಯಾಟು. ೧೪.೪ನ್ನು ಅದರಿಂದಲೇ ಗುಣಿಸಿ ೪ರಿಂದ ಭಾಗಿಸಿದರೆ ೫೨ರ ಸಮೀಪ ಬರುತ್ತದೆ. ಡ್ಯಾಶ್‌ಬೋರ್ಡಿನ ಸ್ಟೀರಿಯೊಗಳ ಮೇಲೆ ‘೫೦ ವ್ಯಾಟ್ × ೪’ ಎಂದು ಕಾಣುವ ಸಂಖ್ಯೆಯ ಮೂಲ ಇದೇ. ಆದರೆ ಇದು ಧ್ವನಿಯ ದುಂಡು ಅಲೆ ಪೂರ್ತಿ ಮೊಂಡಾಗಿ ಚೌಕವಾದಾಗಿನ ಲೆಕ್ಕ. ದುಂಡು ಅಲೆಗೆ ಲೆಕ್ಕದಲ್ಲಿಯೇ ೨೬ ಮಾತ್ರ, ವಾಸ್ತವದಲ್ಲಿ ೧೮–೨೦. ಮನೆಯ ಸ್ಪೀಕರು ಸಾಮಾನ್ಯವಾಗಿ ೮ ಓಮಿನದಾದರೆ ಕಾರಿನದು ೪ ಓಮಿನದಾಗಿರುವುದು, ಇರುವ ಅಲ್ಪ ವೋಲ್ಟಿನಿಂದ ಹೆಚ್ಚು ಬಲ ಪಡೆಯಲಿಕ್ಕಾಗಿಯೇ.

ಹೀಗೆ ಬೇಕಾಬಿಟ್ಟಿ ವ್ಯಾಟು ಬರೆಯುವುದಕ್ಕೆ ಕಡಿವಾಣವೆಂದು ಅಮೆರಿಕದ ಉದ್ಯಮದವರು ೨೦೦೩ರಲ್ಲಿ ಸಿಇಎ–೨೦೦೬ ಎಂಬ ಮಾನಕವನ್ನು ತಂದರು: ೧೪.೪ ವೋಲ್ಟಿನಲ್ಲಿ, ೪ ಓಮಿಗೆ, ವಿಕೃತಿ ನೂರಕ್ಕೆ ೧ನ್ನು ಮೀರದಂತೆ ಎಷ್ಟು ಬರುತ್ತದೆಯೋ ಅಷ್ಟನ್ನೇ ಬರೆಯತಕ್ಕದ್ದು. ಒಪ್ಪಿದವರಿಗೆ ಮಾತ್ರ ಅದು ಅನ್ವಯ. ನನ್ನ ಪೆಟ್ಟಿಗೆ ಒಪ್ಪಿದವರದಲ್ಲ.

ಸಾಬರು ಚಿನ್ನದ ಅಕ್ಷರವನ್ನು ನೋಡಲೇ ಇಲ್ಲ. ಪೆಟ್ಟಿಗೆಯ ಬೆನ್ನಿನಲ್ಲಿದ್ದ ಫ್ಯೂಸನ್ನು ಕಿತ್ತು ಬೆಳಕಿಗೆ ಹಿಡಿದರು. ಹತ್ತು ಆಂಪಿಯರು. ‘ಹದಿಮೂರು ವೋಲ್ಟ್ ಅಂತಿಟ್ಕೊಳ್ಳಿ, ಹತ್ತರಿಂದ ಗುಣಿಸಿ. ನೂರಾ ಮೂವತ್ತು ಒಳಗೆ ಹೋಗ್ತದೆ. ಸಾವಿರ ಎಲ್ಲಿಂದ ಬರಬೇಕು? ಅಕ್ಷರ ಸುಳ್ಳು ಹೇಳ್ಬಹುದು ಮೇಷ್ಟ್ರೇ, ಫ್ಯೂಸ್ ಹೇಳೋದಿಲ್ಲ.’ ಅಕ್ಷರವನ್ನೇ ನಂಬಿ ಬದುಕುವವನಿಗೆ ಈ ಮಾತು ಚೆನ್ನಾಗಿ ತಾಗಿತು. ಒಳಹೋದದ್ದರಲ್ಲಿ ಒಂದು ಪಾಲು ಶಾಖವಾಗಿ ಕಳೆಯುತ್ತದೆ. ಉಳಿಯುವುದು ಒಂದೊಂದು ಕಡೆಗೆ ೪೦ ವ್ಯಾಟು. ಕೈಪಿಡಿಯ ಸಣ್ಣಕ್ಷರದಲ್ಲಿಯೂ ‘ಆರ್‌ಎಂಎಸ್ ೪೦’ ಎಂದೇ ಇತ್ತು. ಅದು ಸಾಲದೆಂದು ಎರಡು ಸ್ಪೀಕರನ್ನೂ ಸಮಾಂತರವಾಗಿ ಕಟ್ಟಿ, ೪ ಓಮನ್ನು ೨ಕ್ಕಿಳಿಸಿ, ಪೆಟ್ಟಿಗೆಯ ಎರಡು ಕಡೆಗಳನ್ನೂ ಬೆಸೆದು ಕೊಟ್ಟಿದ್ದರು. ಬೆಸೆದಾಗ ಆ ಪೆಟ್ಟಿಗೆ ೪ ಓಮಿಗಿಂತ ಕೆಳಗೆ ತಡೆಯುವಂಥದ್ದಲ್ಲ. ಜೊತೆಗೆ ‘ಗೇನ್’ ಗುಂಡಿಯನ್ನು ತುದಿಯವರೆಗೆ ತಿರುಗಿಸಿದ್ದರು. ಗೇನ್ ಸದ್ದಿನ ಗುಂಡಿಯಲ್ಲ. ಸ್ಟೀರಿಯೊ ಕೊಡುವ ಸಂಕೇತಕ್ಕೂ ಪೆಟ್ಟಿಗೆಗೂ ಹೊಂದಿಸುವ ಗುಂಡಿ. ಮಿತಿ ಮೀರಿದಾಗ ಅಲೆಯ ತಲೆ ಕತ್ತರಿಸುತ್ತದೆ, ಅದರ ಚೂಪು ಅಂಶವೆಲ್ಲ ಟ್ವೀಟರಿಗೆ ಹರಿಯುತ್ತದೆ, ಕೂದಲೆಳೆಯಂಥ ಸುರುಳಿ ಸುಡುತ್ತದೆ.

ಪರಿಹಾರಕ್ಕೆ ಹೊಸ ಪೆಟ್ಟಿಗೆ ಬೇಕಾಗಲಿಲ್ಲ. ಬೆಸುಗೆ ಬಿಡಿಸಿ ಒಂದೊಂದು ಕಡೆಗೆ ಒಂದೊಂದೇ ೪ ಓಮಿನ ಸ್ಪೀಕರು, ಆರ್‌ಎಂಎಸ್ ೪೦ಕ್ಕೆ ಸಮೀಪದ್ದು. ಕೊಳ್ಳುವಾಗ ಸಾಬರು ನೋಡಲು ಹೇಳಿದ್ದು ಇನ್ನೊಂದು ಅಂಕಿಯನ್ನು: ೧ ವ್ಯಾಟ್ ಕೊಟ್ಟು ೧ ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್. ೮೮ರ ಬದಲು ೯೧ರದನ್ನು ಕೊಂಡರೆ, ಆ ೩ ಡೆಸಿಬಲ್ಲೇ ಪೆಟ್ಟಿಗೆಯ ಬಲವನ್ನು ಇಮ್ಮಡಿಸಿದಂತೆ. ಬುರುಡೆ ಒಳ್ಳೆಯದಾದರೆ ಬೆರಳು ನೋಯಬೇಕಿಲ್ಲ. ಫ್ಯೂಸೊಂದನ್ನು ಬ್ಯಾಟರಿಯ ಹತ್ತಿರವೇ ಹಾಕಿಸಿದರು. ತಂತಿ ಎಲ್ಲಿಯಾದರೂ ಉಜ್ಜಿ ಕಾರಿನ ಮೈಗೆ ತಾಗಿದರೆ ಬೆಂಕಿ ಏಳದಿರಲೆಂದು.

ದಕ್ಷಿಣೆಯನ್ನು ಮಾತ್ರ ಮುಟ್ಟಲಿಲ್ಲ. ‘ನಿಮ್ಮ ತಂದೆ ವಿದುರ ಮಾಡೋವಾಗ ನಾನು ಮೈಕ್ ಸ್ವಲ್ಪ ಏರಿಸ್ತಿದ್ದೆ. ಬೇರೆಯವರಿಗೆಲ್ಲ ಇಳಿಸ್ತಿದ್ದೆ’ ಎಂದರು. ಇಷ್ಟು ವರ್ಷ ಇದು ನಮಗೆ ತಿಳಿದಿರಲಿಲ್ಲ.

ಅಂಥ ರಾತ್ರಿಗಳು ಈಗ ಅಪರೂಪ. ಶಬ್ದಮಾಲಿನ್ಯದ ೨೦೦೦ದ ನಿಯಮಗಳು ರಾತ್ರಿ ೧೦ರಿಂದ ಬೆಳಗಿನ ೬ರವರೆಗೆ ಬಯಲಿನ ಧ್ವನಿವರ್ಧಕಗಳನ್ನು ನಿಷೇಧಿಸಿವೆ. ವರ್ಷಕ್ಕೆ ೧೫ ದಿನ ಮೀರದಂತೆ ನಡುರಾತ್ರಿಯವರೆಗೆ ಸರ್ಕಾರ ಸಡಿಲಿಸಬಹುದು. ಕುರುಕ್ಷೇತ್ರ ನಡುರಾತ್ರಿಗೆ ಮುಗಿಯುವ ನಾಟಕವಲ್ಲ. ನಿಯಮವನ್ನು ದೂರುವ ಮನಸ್ಸೂ ನನಗಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಮೈಕಾಸುರನ ಕಾಟ ಪಟ್ಟ ವಿದ್ಯಾರ್ಥಿಗಳನ್ನು ಬಲ್ಲೆ. ಅಳತೆ ಗೊತ್ತಿದ್ದ ಕೈಗಳು ಹಿಂದೆ ಸರಿದು ಸಾವಿರದ ಚಿನ್ನದಕ್ಷರ ಮುಂದೆ ಬಂದಾಗ ಕಾನೂನು ಬರಲೇಬೇಕಾಯಿತು ಎನಿಸುತ್ತದೆ.

ಮುಂದಿನ ಭಾನುವಾರ ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ನಂದಗುಡಿಯಿಂದ ಹೊರಟೆ. ನೀಲಗಿರಿ ತೋಪು ದಾಟುವ ಹೊತ್ತಿಗೆ ವಿದುರನ ಪ್ರವೇಶ. ಪದ ಎತ್ತುವ ಮುನ್ನ ತಂದೆಯವರು ಕೆಮ್ಮಿದ್ದು ಕೂಡ ಸ್ಪಷ್ಟವಾಗಿ ಕೇಳಿತು. ಇನ್ನೂ ಚೆನ್ನಾಗಿ ಕೇಳಲೆಂದು ಗುಂಡಿಗೆ ಕೈಹಾಕಿದೆ. ಅಮ್ಮ ಕೈ ಅಡ್ಡ ಹಿಡಿದರು.

‘ಅಷ್ಟೇ ಇರ್ಲಿ ಕಣಪ್ಪ. ಅವರು ಮಾತಾಡ್ತಿದ್ದುದೇ ಇಷ್ಟು.’